ಕಾಕಿಯ ಮೆತ್ತನೆ ರೊಟ್ಟಿ

ನಮ್ಮ ಕಾಕಾನಷ್ಟು ಪಥ್ಯ ಮಾಡಿ ದಪ್ಪಗಾದ ಮನುಷ್ಯ ಹುಕ್ಕೇರಿ ತಾಲೂಕಿನಲ್ಲೇ ಇನ್ನೊಬ್ಬನಿಲ್ಲ! ಅದೂ ಪೇಟೆಯಲ್ಲಿ ಬೆಣ್ಣೆ, ತುಪ್ಪದ ಅಂಗಡಿ ಇಟ್ಟವನು. ಇಡೀ ದಿನ ಬೆಣ್ಣೆಯಲ್ಲಿ ಕೈ ಅದ್ದಿಕೊಂಡೇ ತೂಕ ಇಳಿಸುತ್ತೇನೆಂದು ಹಟ ಹಿಡಿದರೆ ಜನ ನಗದೆ ಏನು ಮಾಡಿಯಾರು?

ಆದರೆ ಹಟಕ್ಕೆ ಕಾರಣವಿತ್ತು. ಕಾಕಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಕಾಕಾನದು ಹೊಂದುತ್ತದೆ, ಆದರೆ ಈ ಹೊಟ್ಟೆ ಇಟ್ಟುಕೊಂಡು ಬಂದರೆ ನಾವು ಆಪರೇಶನ್ ಮಾಡುವುದಿಲ್ಲ ಎಂದು ಬೆಳಗಾವಿಯ ಡಾಕ್ಟರರು ಹೇಳಿಬಿಟ್ಟಿದ್ದರು. ಅಲ್ಲಿಯತನಕ ಕಾಕಿ ಗೋಕಾಕಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು, ಬಾಡಿದ ಮೆಂತ್ಯದ ಸೂಡಿನ ಹಾಗೆ ಬಸ್ಸಿಳಿಯಬೇಕು.

ಕಿಡ್ನಿ ಕೊಡಲು ಕಾಕಿಯ ತಮ್ಮಂದಿರೂ ಇದ್ದರು, ಮೂಡಲಗಿಯಲ್ಲಿ. ದೊಡ್ಡವನಿಗೆ ಇದ್ದಕ್ಕಿದ್ದಂತೆ ಬಿಪಿ ಬಂತು. ಸಣ್ಣವನಿಗೆ ಹೆಂಡತಿ ಬೇಡವೆಂದಳು. ಆದರೂ ಬಂಧುಗಳೆಂದರೆ ಬಂಧುಗಳೇ ನೋಡಿ, ಅಕ್ಕನನ್ನು ಮಾತಾಡಿಸಲು ಬರುವಾಗ ಬರಿಗೈಯಲ್ಲಿ ಬರಲಿಲ್ಲ, ಕರದಂಟು ತಂದರು.

ಗೋಕಾಕಿನಲ್ಲಿರುವ ನಾನು ಕಾಕಾನನ್ನು ಪಥ್ಯ ಹೇಳುವ ಮೇಡಂ ಹತ್ತಿರ ಕರೆದೊಯ್ದೆ. ರೊಟ್ಟಿ, ಅನ್ನದಲ್ಲಿರುವುದು ಪಿಷ್ಟ. ಬೆಣ್ಣೆ, ಎಣ್ಣೆಯಲ್ಲಿರುವುದು ಕೊಬ್ಬು. ಎರಡೂ ಹದದಲ್ಲಿರಬೇಕು ಎಂದು ಆಕೆ ಸಮಾಧಾನದಿಂದ ತಿಳಿಸಿ ಹೇಳಿದಳು. ಕಾಕಾ ತಲೆಯಾಡಿಸಿ, ಬಸ್ಸಿನಲ್ಲಿ ತನ್ನದೇ ಸಿದ್ಧಾಂತ ಹೊರಡಿಸಿದ.

"ಇವೆರಡೂ ಜಗಳಗಂಟ ಬೀಗರಿದ್ದಂಗ, ತಂಗಿ. ಬ್ಯಾರೆ ಬ್ಯಾರೆ ಇದ್ರ ಏನೂ ತ್ರಾಸಿಲ್ಲ. ಒಂದ ಹೊಟ್ಟ್ಯಾಗ ಕೂಡಿದ್ವು ಅಂದ್ರ ಮುಗೀತು."

ಹಾಗಾಗಿ ಕೆಲವು ದಿನ ರೊಟ್ಟಿ ಮುಟ್ಟದೆ ಸೌತೆಕಾಯಿಗೆ ಬೆಣ್ಣೆ ಹಚ್ಚಿ ತಿಂದ. ತೂಕ ಏರಿತು. ಆಮೇಲೆ ಬೆಣ್ಣೆ ಬಿಟ್ಟು ಬರೀ ರೊಟ್ಟಿ ಪೇರಿಸಿಕೊಂಡು ಕೂತ. ಅದಕ್ಕೂ ಏರಿತು. ಭಾವಮೈದುನರ ಕರದಂಟು ಬಂದಾಗಲಂತೂ ಬೆಲ್ಲದ್ದೊಂದು ಗುಂಪು, ತುಪ್ಪದಲ್ಲಿ ಕರಿದ ಅಂಟು, ಗೋಡಂಬಿಯದ್ದೊಂದು ಗುಂಪು ಎಂದು ಕೆದರಿ ಬೇರೆ ಮಾಡಿದ. ಬೆಳಿಗ್ಗೆ ಒಂದನ್ನು ತಿಂದ. ಮತ್ತೊಂದನ್ನು ಚೆಲ್ಲಲಾದೀತೇ? ನಮ್ಮ ಮನೆಗಳಲ್ಲಿ ತಟ್ಟೆಯಲ್ಲಿದ್ದದ್ದು ಪ್ರಸಾದ, ತಟ್ಟೆ ತೊಳೆದ ನೀರನ್ನೂ ಕುಡಿಯುವ ಮಂದಿ ನಾವು. ಸಂಜೆ ಅದನ್ನೂ ತಿಂದ.

ಕೊನೆಗೆ ಕಾಕಿ ಒಂದು ದಿನ ಡಯಾಲಿಸಿಸ್ಸಿನ ನೋವಿಗೆ ಅತ್ತಳು ಅಂತ ಕಾಣುತ್ತದೆ, ಕಾಕಾ ದಾರಿಗೆ ಬಂದ. ಮೇಡಂ ಹೇಳಿದಂತೆ ಊಟಕ್ಕೊಂದು ರೊಟ್ಟಿ, ತಟ್ಟೆ ತುಂಬ ಪಲ್ಯ, ಒಂದು ಬಟ್ಟಲು ಬೇಳೆ, ಎಣ್ಣೆ ಚಮಚದಲ್ಲಿ. ಸಂತೆಯ ದಿನ ಡಬ್ಬಿ ತೂಗುವ ಕಾಟಾದ ಮೇಲೆ ಗಿರಾಕಿಗಳ ಎದುರಿಗೇ ನಿಲ್ಲುತ್ತಿದ್ದ. ಮುಳ್ಳು ಮಾತ್ರ ಅಲ್ಲಾಡಲಿಲ್ಲ.

"ಸಾವಕಾರ್ರು ಕದ್ದು ತಿಂತಾರ್ರಿ," ಎಂದು ಗಿರಾಕಿಗಳು ಕಣ್ಣು ಮಿಟುಕಿಸಿದರು. ಮೂಡಲಗಿಯ ಬಿಪಿಯವನು ಎಲ್ಲರಿಗೂ ಫೋನು ಹಚ್ಚಿ, "ಭಾವಗ ಕಿಡ್ನಿ ಕೊಡು ಮನಸಿಲ್ಲ, ಅದಕ್ಕ ಈ ನಾಟಕ," ಎಂದ. ನನಗೆ ಮೈಯೆಲ್ಲ ಉರಿಯಿತು. ಆದರೆ ಖರೆ ಹೇಳಬೇಕೆಂದರೆ, ನನಗೂ ಕಾಕಾನ ಮೇಲೆ ಸಂಶಯವಿತ್ತು. ಕಾಕಾ ಸಂಜೆ ಊಟವನ್ನೂ ಅರ್ಧ ಮಾಡಿದ. ಆ ಅರ್ಧ ರೊಟ್ಟಿಯನ್ನು ಮುರಿಯುತ್ತಾ, "ಈಗೀಗ ನಿನ್ನ ರೊಟ್ಟಿ ಭಾಳ ಮೆತ್ತಗ ಅಕ್ಕಾವು," ಎಂದು ಕಾಕಿಯನ್ನು ಹೊಗಳಿದ.

"ಹೊಸ ಜ್ವಾಳ ಐತ್ರಿ," ಎಂದಳು ಕಾಕಿ.

ಒಂದು ಮುಂಜಾನೆ ನಾನು ಹೇಳದೆ ಕೇಳದೆ ಕಾಕಾನ ಊರಿಗೆ ಬಂದು ನೇರ ಅಡಿಗೆಮನೆಗೆ ಹೋದೆ. ಕಾಕಿ ಹಿಟ್ಟು ನಾದುತ್ತಿದ್ದಳು. ಪರಾತದಲ್ಲಿ, ಹಿಟ್ಟಿನ ನಡುವೆ, ನಿಂಬೆಕಾಯಿಯಷ್ಟು ಬೆಣ್ಣೆ. ಒಲೆಯ ಮೇಲಿನ ಪಲ್ಯದೊಳಗೆ ತುಪ್ಪ ಇಂಗುತ್ತಿತ್ತು. ಬೆಣ್ಣೆ ಅಂಗಡಿಯವನ ಮೂಗಿಗೆ ಬೆಣ್ಣೆಯ ವಾಸನೆ ಎಲ್ಲಿ ಹತ್ತಬೇಕು!

ನಾನು ಕೂಗಿಕೊಂಡೆ. ಕಾಕಾ ಓಡಿ ಬಂದು ಪರಾತ ನೋಡಿದ.

"ಊರ ಮಂದಿ ಮುಂದ ನನ್ನ ಕಳ್ಳನ್ನ ಮಾಡಿದ್ಯಲ್ಲ. ಯಾಕ?"

"ಬ್ಯಾಡ ಅಂದ್ರ ಕೇಳಿದ್ರೇನು ನೀವು?" ಕಾಕಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನನ್ನ ಸಲುವಾಗಿ ನಿಮ್ಮ ಮೈಗೆ ಕತ್ತರಿ ಹಾಕ್ಸೂದು ಬ್ಯಾಡ. ನೀವೊಬ್ಬರರ ಗಟ್ಟಿ ಉಳೀರಿ."

"ನೀ ಹ್ವಾದ ಮ್ಯಾಲ ಈ ಗಟ್ಟಿ ಮೈ ತಗೊಂಡು ನಾ ಏನ ಮಾಡ್ಲಿ?"

ಅವತ್ತಿನಿಂದ ಒಲೆಯ ಮುಂದೆ ಕಾಕಾ ಕೂತ. ಅವನ ರೊಟ್ಟಿಗೆ ಇಂಥದೇ ಆಕಾರವೆಂದಿರಲಿಲ್ಲ. ಒಂದು ಕಡೆ ಹಸಿ, ಇನ್ನೊಂದು ಕಡೆ ಸೀಕಲು; ಹಲ್ಲಿದ್ದವರೇ ತಿನ್ನಬೇಕು. ಪಥ್ಯಕ್ಕೆ ಬೇರೆ ಔಷಧವೇ ಬೇಕಾಗಲಿಲ್ಲ ಎನ್ನಿ.

ಹೋದ ಸಂತೆಯ ದಿನ ಕಾಟಾದ ಮುಳ್ಳು ಡಾಕ್ಟರರು ಹೇಳಿದಲ್ಲಿಗೆ ಬಂದು ನಿಂತಿತು. ಕಳ್ಳನೆಂದಿದ್ದ ಗಿರಾಕಿಗಳೇ ಚಪ್ಪಾಳೆ ತಟ್ಟಿದರು. ಅಂಗಡಿಯ ಮೆಟ್ಟಿಲ ಮೇಲೆ ಕಾಕಿಯೊಬ್ಬಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಇನ್ನು ಕಾಕಾನನ್ನು ತಡೆಯಲು ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಕಾಕಾ ಕಾಟಾದಿಂದ ಇಳಿದು ಅವಳ ಬಾಜೂಕ್ಕೆ ಕೂತ. ಸುಟ್ಟ ಬೆರಳುಗಳಿಂದ ಸೆರಗು ಸರಿಸಿದ.

"ಅಳಬ್ಯಾಡ. ಆಪರೇಶನ್ ಆಗಿ ಇಬ್ಬರೂ ಮನಿಗೆ ಬಂದ ಮ್ಯಾಲ ರೊಟ್ಟಿ ನೀನ ಬಡಿ," ಎಂದ. "ಬೆಣ್ಣಿ ಹಾಕೇ ಬಡಿ."