ಆರಿ ಹತ್ತುವ ದೀಪಗಳು

ಲೈಬ್ರರಿಯನ್ ಸಾಹೇಬರು ಹೆದರುತ್ತಿದ್ದದ್ದು ಎರಡಕ್ಕೇ: ಕರೆಂಟಿಗೆ ಮತ್ತು ಹೆಂಡತಿಯ ಅಣ್ಣನಿಗೆ. (ಹೆಂಡತಿಯನ್ನು ಲೆಕ್ಕಕ್ಕೆ ಸೇರಿಸಿಲ್ಲ, ಅದು ಭಯವಲ್ಲ, ಅಭ್ಯಾಸ.) ಅಣ್ಣ ಎಲೆಕ್ಟ್ರಿಷಿಯನ್ ಆಗಿದ್ದರಿಂದ ಎರಡು ಭಯವೂ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದವು.

ಅಡುಗೆಮನೆಯ ಫಾಲ್ಸ್ ಸೀಲಿಂಗಿನ ಹ್ಯಾಲೊಜೆನ್ ದೀಪಗಳು ಈಚೆಗೆ ತಾವಾಗಿಯೇ ಆರುತ್ತಿದ್ದವು, ಸ್ವಲ್ಪ ಹೊತ್ತಿಗೆ ತಾವಾಗಿಯೇ ಹತ್ತುತ್ತಿದ್ದವು. ಬಲ್ಬು ಬದಲಾಯಿಸಿದರೂ ಅದೇ ಹಾಡು.

“ರೀ, ಸೀಲಿಂಗ್ ಒಳಗಿರೋ ಡಬ್ಬಿ, ಆ ಟ್ರಾನ್ಸ್‌ಫಾರ್ಮರೇ ಕೆಟ್ಟಿರಬೇಕು. ಅಣ್ಣನ್ನ ಕರೀತೀನಿ.”

“ಬೇಡ ಬೇಡ! ನಾನೇ ನೋಡ್ತೀನಿ. ಬರೀ ಹನ್ನೆರಡು ವೋಲ್ಟು ಕಣೆ.”

“ಬಲ್ಬಿಗೆ ಹನ್ನೆರಡು. ಆ ಡಬ್ಬಿಗೆ ಬರೋದು ಇನ್ನೂರ ಮೂವತ್ತು. ಪ್ಲಗ್ ಕೀಳೋಕೇ ರಬ್ಬರ್ ಚಪ್ಪಲಿ ಹಾಕ್ಕೊಳ್ಳೋರು ನೀವು!”

ದೀಪ ಆರುವ ಕಾರಣ ಸಾಹೇಬರಿಗೆ ಮಾತ್ರ ಗೊತ್ತಿತ್ತು. ದಿನವಿಡೀ ‘ನಿಶ್ಶಬ್ದ’ ಎಂಬ ಫಲಕದ ಕೆಳಗೆ ಕೂತು ಪಳಗಿದ ಅವರ ಕಿವಿಗೆ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಸಹಿಸಲಾಗಿರಲಿಲ್ಲ. ಬೀದಿಗೆಲ್ಲ ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ, ಹೆಂಡತಿ ಇಲ್ಲದ್ದು ನೋಡಿ, ತಮ್ಮ ಉಣ್ಣೆಯ ಮಫ್ಲರನ್ನೇ ಅದಕ್ಕೆ ಬಿಗಿಯಾಗಿ ಸುತ್ತಿಬಿಟ್ಟಿದ್ದರು. ಸದ್ದೇನೋ ಅಡಗಿತು. ಆದರೆ ಪಾಪ, ಆ ಡಬ್ಬಿ ಸೆಖೆಗೆ ಬೆಂದು ದೀಪ ಆರಿಸುತ್ತಿತ್ತು, ತಣ್ಣಗಾದ ಮೇಲೆ ಹತ್ತಿಸುತ್ತಿತ್ತು. ಬೆಂಕಿಯೇ ಹತ್ತಿಕೊಂಡರೆ? ಭಾವನ ಕೈಗೆ ಮಫ್ಲರ್ ಸಿಕ್ಕಿದರಂತೂ ನೆಂಟರಿಷ್ಟರ ಬಾಯಲ್ಲಿ ಸಾಯುವವರೆಗೂ ‘ಮಫ್ಲರ್ ಮಾವ’ನೇ ಗತಿ.

ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಏಣಿ ಹತ್ತಿ, “ಆಫ್ ಮಾಡಿದೀಯಾ?” ಎಂದು ಕೂಗಿದರು.

“ಮಾಡಿದೀನಿ ರೀ,” ಎಂದು ಬಾಗಿಲಾಚೆಯಿಂದ ಉತ್ತರ ಬಂತು.

ದೀಪ ಬಿಚ್ಚಿ, ತೂತಿನೊಳಗೆ ತೋಳು ತೂರಿಸಿ, ಮಫ್ಲರಿನ ತುದಿ ಹಿಡಿದರು. ಅಷ್ಟರಲ್ಲಿ ಕೆಳಗೆ ಫ್ರಿಜ್ ಗುರ್ ಎಂದಿತು. ಸಾಹೇಬರು ಇನ್ನೊಂದು ಕೈಯಿಂದ ಏಣಿಯನ್ನು ತಬ್ಬಿಕೊಂಡರು.

“ಲೇ! ಮೇನ್ ಆಫ್ ಮಾಡಿಲ್ವಾ?”

“ಹಾಲು ಕೆಡಲ್ವೇನ್ರೀ? ದೀಪದ ಸ್ವಿಚ್ ಆಫ್ ಮಾಡಿದೀನಲ್ಲ!”

ಹಾಲಿಗಿಂತ ತಾವು ಅಗ್ಗವೆಂದು ಅಳುವುದಕ್ಕೂ ಪುರಸೊತ್ತಿರಲಿಲ್ಲ. ಕಣ್ಣು ಮುಚ್ಚಿ ಮಫ್ಲರನ್ನು ಎಳೆದು, ಶರ್ಟಿನೊಳಗೆ ತುರುಕಿಕೊಂಡು, ದೀಪ ಮತ್ತೆ ಕೂರಿಸಿ ಇಳಿದರು.

ದೀಪಗಳು ಹತ್ತಿದವು. ಊಟ ಮುಗಿದರೂ ಆರಲಿಲ್ಲ. ಮದುವೆಯಾದ ಮೇಲೆ ಹೆಂಡತಿ ಅವರನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ಅದೇ ಮೊದಲು. ಆ ಸಂತೋಷದಲ್ಲೇ ಅಣ್ಣನಿಗೆ ಫೋನು ಮಾಡಿ ಗಂಡನನ್ನು ಹೊಗಳಿದ್ದೇ ಹೊಗಳಿದ್ದು.

“ರೀ, ಅಣ್ಣನಿಗೆ ಸೊಂಟ ಹಿಡ್ಕೊಂಡಿದೆಯಂತೆ. ಯಾವುದೋ ಬಟ್ಟೆ ಅಂಗಡೀಲಿ ಇಂಥವೇ ನಲವತ್ತು ದೀಪ ಕೆಟ್ಟಿವೆಯಂತೆ. ಅವನು ಕೆಳಗೆ ನಿಂತು ಹೇಳ್ಕೊಡ್ತಾನೆ, ನೀವು ಏಣಿ ಹತ್ತಿದ್ರೆ ಸಾಕಂತೆ. ಹೂಂ ಅಂದ್ಬಿಟ್ಟೆ!”

ಸಾಹೇಬರ ಕಣ್ಣ ಮುಂದೆ ನಲವತ್ತು ತೂತುಗಳು ಬಾಯಿ ತೆರೆದವು. ಮಾನವೋ ಪ್ರಾಣವೋ ಎಂದು ಯೋಚಿಸಲೂ ಇಲ್ಲ. ಭಾವ ಇನ್ನೂ ಲೈನಿನಲ್ಲಿದ್ದ ಫೋನು ಕಸಿದುಕೊಂಡು, ಲೈಬ್ರರಿಯಲ್ಲಿ ಎಂದೂ ಎತ್ತದ ದನಿಯಲ್ಲಿ ಕೂಗಿದರು:

“ಭಾವಾ, ಆ ಟ್ರಾನ್ಸ್‌ಫಾರ್ಮರಿಗೆ ಮಫ್ಲರ್ ಸುತ್ತಿದ್ದೇ ನಾನು!”