ಮೋತ್ಯಾ ಬೆನ್ನು ಹತ್ತಿದ ದಿನಗಳು

ದೇವರು ಕಾಲು ಕೊಟ್ಟದ್ದು ಎಲ್ಲಿಗಾದರೂ ಹೋಗಲಿಕ್ಕೆ ಎಂದು ನಮ್ಮ ಗೋಕಾಕದ ಜನ ಗಟ್ಟಿಯಾಗಿ ನಂಬಿದ್ದಾರೆ. ಆದ್ದರಿಂದ ಎಲ್ಲಿಗೂ ಹೋಗದೆ, ಬರೀ ಗುಡ್ಡ ಹತ್ತಿ ಇಳಿದು ಬರುವ ನನ್ನಂಥವನನ್ನು ಕಂಡರೆ ಅವರಿಗೆ ಕಳವಳವಾಗುತ್ತದೆ. ಶುರುವಿನಲ್ಲಿ ನಾನು ಬೆಳಿಗ್ಗೆ ಓಡುತ್ತಿದ್ದರೆ ಬೈಕು ನಿಲ್ಲಿಸಿ, "ಏನಾತ್ರಿ ಸರ, ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ? ಹತ್ರಿ, ದವಾಖಾನಿಗೆ ಬಿಡ್ತೇನಿ" ಎನ್ನುತ್ತಿದ್ದರು. ಎಲ್ಲರೂ ಆರಾಮ ಇದ್ದಾರೆ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ಅವರ ಗಾಬರಿ ಇನ್ನೂ ಹೆಚ್ಚಾಗುತ್ತಿತ್ತು. ಮುಂದೆ ಗುಡ್ಡಗಾಡಿಗೆಂದು ದಪ್ಪ ಟೈರಿನ ಗೇರ್ ಸೈಕಲ್ ಕೊಂಡೆ. ಮೂಡಲಗಿಯಲ್ಲಿ ನಾನು ಗಣಿತ ಹೇಳುವ ಶಾಲೆಯ ಜವಾನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಅಂಗಡ್ಯಾಂವ ಅರ್ಧಾ ಸಾಮಾನ ತಾನs ಇಟ್ಕೊಂಡಾನ್ರಿ ಸರ, ಹೋಗಿ ಕೇಳ್ರಿ" ಎಂದು ನನ್ನ ಮೇಲಿನ ಕನಿಕರದಿಂದ ಹೇಳಿದ. ಇಂಥ ಪ್ರೋತ್ಸಾಹದ ನಡುವೆ ಬೆಳೆದ ಕ್ರೀಡಾಪಟು ನಾನು.

ಖರೆ ಹೇಳಬೇಕೆಂದರೆ ನಾನು ಓಡುವುದನ್ನು ಓಟ ಎನ್ನುವುದು ದೊಡ್ಡ ಮಾತು. ಐವತ್ತರ ಹೊಸ್ತಿಲಲ್ಲಿ ಇದ್ದೇನೆ. ಊರ ಹಿಂದಿನ ಗುಡ್ಡಕ್ಕೆ ಕುರಿಗಳು ತುಳಿದು ಮಾಡಿದ ಒಂದು ಕಾಲುದಾರಿ ಇದೆ. ಅರ್ಧ ಕಲ್ಲು, ಅರ್ಧ ಮುಳ್ಳುಕಂಟಿ. ಅದರ ಕೊನೆಯ ಏರಿನಲ್ಲಿ ನನ್ನನ್ನು ಸೌದೆ ಹೊತ್ತ ಹೆಂಗಸರು ಕೂಡ ಮಾತಾಡುತ್ತಲೇ ದಾಟಿ ಹೋಗುತ್ತಿದ್ದರು. ಬೆಂಗಳೂರು, ಪುಣೆಯ ಓಟಗಾರರು ಶಕ್ತಿಗೆಂದು ಅದೇನೋ ಅಂಟಿನಂಥದ್ದನ್ನು ಸಣ್ಣ ಪಾಕೀಟಿನಿಂದ ಹೀರುತ್ತಾರಂತೆ. ನಮಗೆ ಊರಿನ ಕರದಂಟೇ ಇರುವಾಗ ಅದೇಕೆ ಎಂದು ನಾನು ಕಿಸೆಯಲ್ಲಿ ಎರಡು ತುಂಡು ಇಟ್ಟುಕೊಂಡು ಹೋಗುತ್ತಿದ್ದೆ. ಅದನ್ನು ಅಗಿದು ಮುಗಿಸಲು ಎಲ್ಲಾದರೂ ಕೂರಲೇಬೇಕು. ಕೂತರೆ ಗಾಳಿ ತಣ್ಣಗೆ ಬೀಸುತ್ತದೆ. ಒಟ್ಟಿನಲ್ಲಿ ನನ್ನ ತರಬೇತಿಯ ಬಹುಭಾಗ ಕೂತೇ ನಡೆಯುತ್ತಿತ್ತು. "ನೀವು ಓಡೂದು ನೋಡಿದ್ರ ನಾಯೀಗೂ ಬೆನ್ನ ಹತ್ತಬೇಕು ಅನಸೂದಿಲ್ಲ ಬಿಡ್ರಿ" ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಿದ್ದಳು.

ಆ ತೀರ್ಪು ಸುಳ್ಳಾದದ್ದು ಮಳೆಗಾಲದಲ್ಲಿ. ಲಕ್ಕಪ್ಪ ಕಾಕಾ ಎಂಬ ಕುರುಬ ತನ್ನ ಮಂದೆಯನ್ನು ಗುಡ್ಡದ ಬುಡದಲ್ಲಿ ತಂದು ನಿಲ್ಲಿಸಿದ್ದ. ಮಂದೆಯ ಜೊತೆ ಮೋತ್ಯಾ ಇತ್ತು. ಉದ್ದ ಕಾಲು, ಸಣ್ಣ ನಡು, ಮೈಯಲ್ಲಿ ಒಂದು ಗುಂಜಿಯೂ ಹೆಚ್ಚಿನ ಮಾಂಸವಿಲ್ಲದ ನಾಯಿ. ಮೊದಲ ದಿನ ಅದು ನನ್ನತ್ತ ಹಾರಿ ಬಂದಾಗ ಲಕ್ಕಪ್ಪ ಕಾಕಾ ದೂರದಿಂದಲೇ, "ಓಡಬ್ಯಾಡ್ರಿ ಸರ! ಸುಮ್ನ ನಿಂದರ್ರಿ, ನಿಂತ್ರ ಏನೂ ಮಾಡೂದಿಲ್ಲ!" ಎಂದು ಕೂಗಿದ. ಕಿವಿ ಕೇಳಿಸಿಕೊಂಡಿತು, ಕಾಲು ಕೇಳಿಸಿಕೊಳ್ಳಲಿಲ್ಲ. ಎಚ್ಚರವಾದಾಗ ನಾನು ಗುಡ್ಡದ ನೆತ್ತಿಯ ಬೋಳು ಬಂಡೆಯ ಮೇಲಿದ್ದೆ. ಮೋತ್ಯಾ ಬಂಡೆಯ ಕೆಳಗೆ ನಿಂತು, ತನ್ನ ಸರಹದ್ದು ಮುಗಿಯಿತು ಎಂಬಂತೆ ಒಮ್ಮೆ ಕಾಲೆತ್ತಿ, ಬೀಗರನ್ನು ಊರ ಅಗಸಿ ಬಾಗಿಲವರೆಗೆ ಕಳಿಸಿ ಬಂದವರ ಗಾಂಭೀರ್ಯದಿಂದ ಹಿಂದಿರುಗಿತು. ಕೈಗಡಿಯಾರ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಅದು ಕೆಟ್ಟಿರಬೇಕೆಂದು ಅಲ್ಲಾಡಿಸಿ ನೋಡಿದೆ.

ಮರುದಿನದಿಂದ ನನಗೂ ಮೋತ್ಯಾಗೂ ಒಂದು ಒಳ ಒಪ್ಪಂದವಾಯಿತು. ನಿಂತರೆ ಅದು ಏನೂ ಮಾಡುವುದಿಲ್ಲ ಎಂಬುದು ಈಗ ನನಗೆ ಗೊತ್ತಿತ್ತು. ಆದ್ದರಿಂದಲೇ ನಾನು ನಿಲ್ಲುತ್ತಿರಲಿಲ್ಲ. ಬೆಳಗಾವಿಯ ಓಟಗಾರರ ವಾಟ್ಸಾಪ್ ಗುಂಪಿನಲ್ಲಿ ನನ್ನ ವೇಗ ನೋಡಿ ಒಬ್ಬರು ತರಬೇತಿಯ ಗುಟ್ಟು ಕೇಳಿದರು. "ಶಿಸ್ತು" ಎಂದು ಬರೆದೆ. ಹರಿದ ಪ್ಯಾಂಟು ಹೊಲಿಯುತ್ತಿದ್ದ ಹೆಂಡತಿ ಅದನ್ನು ಓದಿ, "ಶಿಸ್ತಿಗೆ ಹಲ್ಲ ಭಾಳ ಚೂಪ ಅದಾವ ನೋಡ್ರಿ" ಎಂದಳು.

ದೀಪಾವಳಿ ಮುಗಿಯಿತು. ಒಂದು ಬೆಳಿಗ್ಗೆ ಹೋದರೆ ಗುಡ್ಡದ ಬುಡ ಖಾಲಿ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ರಾತ್ರಿ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಾರಲ್ಲ, ಮಂದೆ ಅತ್ತ ಹೊರಟುಹೋಗಿತ್ತು. ಅಂದು ಏರು ಹತ್ತುವಾಗ ಹಿಂದೆ ಸದ್ದಿಲ್ಲ. ಅರ್ಧಕ್ಕೇ ಕೂತೆ. ಕರದಂಟು ಬಾಯಿಗಿಟ್ಟರೆ ರುಚಿಸಲಿಲ್ಲ. ನಗಬೇಡಿ, ನನಗೆ ಆ ನಾಯಿಯ ನೆನಪು ಬಹಳವಾಗಿ ಕಾಡಿತು. ಈ ವಯಸ್ಸಿನಲ್ಲಿ ನನ್ನಂಥವನ ಬೆನ್ನು ಹತ್ತುವವರು ಯಾರಿದ್ದಾರೆ ಹೇಳಿ. ಶಾಲೆಯಲ್ಲಿ ಹುಡುಗರು ನನಗೆ ಅಂಜುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮನೆಯಲ್ಲಿ ನಾನು ಸಿಟ್ಟು ಮಾಡಿ ಎದ್ದು ಹೋದರೆ, ಹಸಿವಾದಾಗ ಬರುತ್ತಾರೆ ಎಂದು ಸುಮ್ಮನಿರುತ್ತಾರೆ. ಇಡೀ ತಾಲೂಕಿನಲ್ಲಿ ನನ್ನನ್ನು ಒಬ್ಬ ಅಪಾಯಕಾರಿ ಮನುಷ್ಯ ಎಂದು ನಂಬಿ, ಹೊತ್ತು ಹುಟ್ಟುವ ಮೊದಲೇ ಕಾದು ನಿಲ್ಲುತ್ತಿದ್ದ ಜೀವ ಅದೊಂದೇ. ಅದು ಹಿಂದೆ ಇದ್ದಾಗ ನನಗೆ ಇಪ್ಪತ್ತು ವರ್ಷದ ಕಾಲುಗಳಿದ್ದವು.

ತಡೆಯಲಾರದೆ ಒಂದು ಭಾನುವಾರ ಸೈಕಲ್ ಹತ್ತಿ ಹುಡುಕಲು ಹೊರಟೆ. ಮಮದಾಪುರದಲ್ಲಿದ್ದಾರೆ ಎಂದರು. ಹೋದರೆ ಹೊಲದ ತುಂಬ ಹಿಕ್ಕೆ ಇತ್ತು, ಕುರಿ ಇರಲಿಲ್ಲ. ಮುಂದಿನ ಭಾನುವಾರ ಹುಕ್ಕೇರಿ ಕಡೆ ತುಳಿದೆ. ಬೆಲ್ಲದ ಬಾಗೇವಾಡಿಯ ಹತ್ತಿರ ಒಂದು ಹೊಲದಲ್ಲಿ ಬಲೆಯ ಬೇಲಿ ಕಂಡಿತು. ಕಂಡ ಗಳಿಗೆಯಲ್ಲೇ ಮೋತ್ಯಾ ಬೊಗಳುತ್ತ ಹಾರಿ ಬಂತು! ಗೇರು ಬದಲಿಸಿದೆ. ಉಳುಮೆಯಾದ ಹೆಂಟೆಗಳ ಮೇಲೆ ಸೈಕಲ್ ಜಿಗಿಯುತ್ತಿದೆ, ಹಿಮ್ಮಡಿಗೆ ಅದರ ಉಸಿರು ಬಿಸಿಯಾಗಿ ತಗಲುತ್ತಿದೆ, ನಾನು ಗಟ್ಟಿಯಾಗಿ ನಗುತ್ತಿದ್ದೇನೆ. ಬದುವಿಗೆ ಮುಂದಿನ ಗಾಲಿ ಬಡಿದು ಮಗುಚಿ ಬಿದ್ದೆ. ಅಷ್ಟು ಸುಖವಾಗಿ ನಾನು ಹಿಂದೆಂದೂ ಬಿದ್ದಿರಲಿಲ್ಲ.

ಲಕ್ಕಪ್ಪ ಕಾಕಾ ಓಡಿ ಬಂದು ಎಬ್ಬಿಸಿದ. "ಗೋಕಾಕದ ಸರ ಅಲ್ಲೇನ್ರಿ! ಇಷ್ಟ ದೂರ ಬಂದೀರಲ್ರಿ, ಕುರಿ ಬೇಕಾಗಿತ್ತೇನ್ರಿ?" ನಾಯಿ ನೋಡಲು ಬಂದೆ ಎನ್ನಲು ನಾಚಿಕೆಯಾಗಿ, "ಹಿಂಗs ಮಾತಾಡ್ಸಾಕ ಬಂದೆ ಕಾಕಾ" ಎಂದೆ. ಹಾಗಾದರೆ ಉಣ್ಣದೆ ಕಳಿಸುವ ಮಾತೇ ಇಲ್ಲ. ಹೊಲದ ಮಾಲೀಕರ ಮನೆಯಿಂದ ರೊಟ್ಟಿ, ಝುಣಕ ಬಂದಿತ್ತು. ಅವನ ಹೆಂಡತಿ ನನ್ನ ಕೈಗೆ ರೊಟ್ಟಿ ಕೊಟ್ಟು, "ಮೊದಲ ತುತ್ತ ಮೋತ್ಯಾಗ ಹಾಕ್ರಿ ಸರ. ನಮ್ಮ ಹಟ್ಟ್ಯಾಗ ಉಣ್ಣಾವ್ರು ಎಲ್ಲಾರೂ ಹಂಗs ಮಾಡೂದು" ಎಂದಳು. ನನಗೋ ಪ್ರೀತಿ ಉಕ್ಕಿ ಹರಿಯುತ್ತಿತ್ತು. ಒಂದು ತುತ್ತೇನು, ಅರ್ಧ ರೊಟ್ಟಿಯನ್ನೇ ಮುರಿದು ಕೈಯಾರೆ ತಿನ್ನಿಸಿದೆ. ಅದು ತಿಂದು, ನನ್ನ ಅಂಗೈ ನೆಕ್ಕಿ, ಪಕ್ಕದಲ್ಲೇ ಉಸ್ಸೆಂದು ಮಲಗಿತು.

"ಆತ್ ನೋಡ್ರಿ" ಎಂದಳು ಆ ತಾಯಿ ನನಗೆ ಧೈರ್ಯ ತುಂಬುತ್ತ. "ನಿಮ್ಮ ಕೈತುತ್ತ ತಿಂತು. ಇನ್ನ ಜನ್ಮದಾಗ ನಿಮ್ಮ ಬೆನ್ನ ಹತ್ತೂದಿಲ್ಲ. ಆರಾಮ ಅಡ್ಡಾಡ್ರಿ."

ಉಳಿದ ರೊಟ್ಟಿ ಕೆಳಗಿಟ್ಟೆ. ಎದ್ದು ನಾಲ್ಕು ಹೆಜ್ಜೆ ಓಡಿದೆ. ಮೋತ್ಯಾ ಕಣ್ಣು ತೆರೆದು ನೋಡಿ, ನಮ್ಮವರೇ ಎಂದು ಮತ್ತೆ ಮುಚ್ಚಿತು. ಇನ್ನೊಂದು ಸುತ್ತು ಓಡಿದೆ. ಬಾಲವನ್ನು ಒಮ್ಮೆ ಅಲ್ಲಾಡಿಸಿತು, ಅಷ್ಟೆ. "ಯಾಕ್ರಿ ಸರ, ಬಿದ್ದಾಗ ಕಾಲ ಉಳುಕೇತೇನ್ರಿ?" ಎಂದು ಲಕ್ಕಪ್ಪ ಕಾಕಾ ಕೇಳಿದ.

ಮನೆಗೆ ಬಂದಾಗ ನನ್ನ ಮುಖ ನೋಡಿ ಹೆಂಡತಿ, "ಸಿಕ್ಕಿಲ್ಲೇನ್ರಿ ನಾಯಿ?" ಎಂದಳು. "ಸಿಕ್ತು. ಕೈ ನೆಕ್ಕ್ತು" ಎಂದೆ. "ನಾಯಿ ಕಡೀಲಿಲ್ಲಂತ ಮಾರಿ ಸಣ್ಣ ಮಾಡ್ಕೊಂಡ ಬಂದ ಗಂಡಸ್ನ ಇವತ್ತs ನೋಡಿದ್ನಿ ನೋಡ್ರಿ" ಎಂದು ಅರಿಶಿಣ ತಂದು ಮೊಣಕೈಗೆ ಹಚ್ಚಿದಳು.

ಮರುದಿನ ಬೆಳಿಗ್ಗೆ ಗುಡ್ಡದ ಏರಿನಲ್ಲಿ ಕಾಲು ಸೋತವು. ಹಿಂದೆ ನೋಡಿದೆ, ಮುಂದೆ ನೋಡಿದೆ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೇ ಮೆಲ್ಲಗೆ ಒಮ್ಮೆ ಬೊಗಳಿದೆ. ಸ್ವಲ್ಪವೂ ಹೆದರಿಕೆಯಾಗಲಿಲ್ಲ.