ಕೆಂಪು ದಾರದ ಕೋಳಿ

ಕೊರಗನ ಕೋಳಿ ಅವತ್ತೂ ಮೊಟ್ಟೆ ಇಟ್ಟಿತಂತೆ. ಜಮಾಲಸಾಬನ ಹೊಟ್ಟೆಯೊಳಗೆ ಕೆಂಡ ಬೀಳಲು ಅಷ್ಟೇ ಸಾಕಾಯಿತು.

ಘಾಟ್ಕೋಪರಿನ ಆ ಚಾಳಿನಲ್ಲಿ ರೈಲು ಹಳಿಗೆ ಅಂಟಿಕೊಂಡಂತಿದ್ದ ಮೊದಲ ಖೋಲಿ ಗಾದಿ ಹೊಲಿಯುವ ಜಮಾಲಸಾಬನದು. ಹಳಿಯಿಂದ ದೂರದ ಆ ತುದಿಯ ಖೋಲಿ ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹುಯ್ಯುವ, ಉಡುಪಿ ಕಡೆಯ ಕೊರಗನದು. ಎರಡು ತಿಂಗಳ ಹಿಂದೆ ಜಮಾಲಸಾಬ ಗದಗಿನಿಂದ ಬರುವಾಗ ಒಂದೇ ತಾಯಿಯ ಎರಡು ಕಂದು ಹೇಂಟೆಗಳನ್ನು ಬುಟ್ಟಿಯಲ್ಲಿ ತಂದಿದ್ದ. ಕೈಯಲ್ಲಿ ಹಿಡಿದು ತೂಗಿ ನೋಡಿ, ಭಾರವಾದದ್ದನ್ನು ತಾನಿಟ್ಟುಕೊಂಡು ಹಗುರವಾದದ್ದನ್ನು ಕೊರಗನಿಗೆ ಕೊಟ್ಟ. ಕೊಡುವಾಗ, "ಇದ ಭಾರಿದ್ದದ್ರಿ, ನಿಮಗಂತನ ತಂದೀನಿ" ಎಂದ. ಗುರುತಿಗಾಗಿ ಕೊರಗನ ಕೋಳಿಯ ಕಾಲಿಗೆ ಕೆಂಪು ದಾರ, ಜಮಾಲಸಾಬನದಕ್ಕೆ ಬಿಳಿ ದಾರ.

ಈಗ ಆ ಹಗುರವಾದದ್ದು ದಿನ ಬಿಟ್ಟು ದಿನ ಮೊಟ್ಟೆ ಇಡುತ್ತಿತ್ತಂತೆ. ಇವನದೋ, ಒಂದೊಂದು ಲೋಕಲ್ ರೈಲು ಹೋದಾಗಲೂ ಮೂಲೆಯ ಹತ್ತಿಯ ರಾಶಿಯೊಳಗೆ ತಲೆ ತುರುಕಿ, ಸೀಟು ಸಿಗದ ಪ್ರಯಾಣಿಕನ ಹಾಗೆ ಗೊಣಗುತ್ತಿತ್ತು.

"ನೋಡಿ ಸಾಬರೇ, ನಿಮ್ಮ ಕೋಳಿಯ ಕೆಲಸ!" ಕೊರಗ ಮೊಟ್ಟೆಯನ್ನು ಅಂಗೈ ಮೇಲಿಟ್ಟು ತೋರಿಸಿದ.

"ಭಾಳ ಛಲೋ ಆತು" ಎಂದ ಜಮಾಲಸಾಬ. ಮುಖ ಮಾತ್ರ ಹುಳಿ ಮಜ್ಜಿಗೆ ಕುಡಿದವನ ಹಾಗಿತ್ತು.

ನಡುವಿನ ಖೋಲಿಯ ಸುಂದ್ರವ್ವ ಹಪ್ಪಳ ಒಣಹಾಕುತ್ತಲೇ ಸಲಹೆ ಕೊಟ್ಟಳು. "ಅದಕ್ಕ ಇನ್ನೂ ಊರ ನೆನಪೈತೋ ಯಣ್ಣಾ. ಹೊಸದಾಗಿ ಬಂದಾಗ ನನಗೂ ಆರ ತಿಂಗಳ ನಿದ್ದಿ ಇರಲಿಲ್ಲ. ಈಗ ನೋಡು, ರೈಲ ನಿಂತರನ ಎಚ್ಚರಾಕ್ಕೇತಿ."

"ಕಿವಿಗೆ ಹತ್ತಿ ಇಟ್ಟು ನೋಡಿ. ಮನೆ ತುಂಬ ಉಂಟಲ್ಲ" ಎಂದ ಎದುರು ಖೋಲಿಯ ಫಿಟ್ಟರ್ ದೂಜ.

ಕೋಳಿಯ ಕಿವಿ ಎಲ್ಲಿದೆಯೆಂದು ಹುಡುಕುವುದರೊಳಗೆ ಅದು ಜಮಾಲಸಾಬನ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕುಕ್ಕಿತು.

ಮಧ್ಯಾಹ್ನ ಕೊರಗ, ಹೆಂಡತಿ ಸೇವಂತಿ ಇಬ್ಬರೂ ಚೆಂಬೂರಿನ ನೆಂಟರ ಮನೆಗೆ ಹೊರಟು ನಿಂತರು. ಕೋಳಿಯನ್ನು ಬಾಗಿಲ ಪಕ್ಕ ಬುಟ್ಟಿಯಡಿ ಮುಚ್ಚಿದ ಕೊರಗ, "ಸಂಜೆಗೆ ಬರ್ತೇವೆ ಸಾಬರೇ. ಅದನ್ನು ಸ್ವಲ್ಪ ನೋಡ್ತಾ ಇರಿ, ಆಯ್ತಾ?" ಎಂದ.

ಜಮಾಲಸಾಬ ಚೆನ್ನಾಗಿಯೇ ನೋಡಿದ. ಹೆಂಡತಿ ಸುಗರಾ ನೀರಿಗೆಂದು ನಳದ ಸಾಲಿಗೆ ಹೋದದ್ದೇ ತಡ, ತನ್ನ ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಹೊರಬಿದ್ದ. ಅರ್ಧ ದಾರಿಯಲ್ಲಿ ಅದು ಜಾರಿ ಸುಂದ್ರವ್ವನ ಹಪ್ಪಳಗಳ ಮೇಲೆ ಫೌಜಿನವರ ಹಾಗೆ ಕವಾಯತು ಮಾಡಿತು.

"ಯಣ್ಣಾ, ಇದನ್ನ ಎಲ್ಲಿಗೆ ಒಯ್ಯಾಕ್ಹತ್ತೀದಿ?"

"ಗಾಳಿ ಕುಡಸಾಕವ್ವಾ! ಒಳಗ ಭಾಳ ಸೆಕಿ ಐತಿ!"

ಸುಂದ್ರವ್ವ ಬೈಯುತ್ತ ಮುರಿದ ಹಪ್ಪಳ ಬಳಿದುಕೊಂಡು ಒಳಗೆ ಹೋದಳು. ಕೊರಗನ ಬುಟ್ಟಿ ಎತ್ತಿ ಅವನ ಕೋಳಿಯನ್ನು ತೆಗೆದು ತನ್ನದನ್ನು ಒಳಗಿಟ್ಟು, ಕೆಂಪು ದಾರವನ್ನೂ ಬಿಳಿ ದಾರವನ್ನೂ ಅದಲುಬದಲು ಮಾಡಲು ಜಮಾಲಸಾಬನ ಹೊಲಿಗೆಯ ಕೈಗೆ ಎರಡು ನಿಮಿಷವೂ ಹಿಡಿಯಲಿಲ್ಲ.

ನೀರು ಹೊತ್ತು ಬಂದ ಸುಗರಾ ಕೋಳಿಯನ್ನು ಎತ್ತಿ ನೋಡಿದಳು. "ಏನ್ರೀ, ಇದ್ಯಾಕ ಇಷ್ಟ ಹಗೂರಾಗೈತಿ?"

"ಚಿಂತಿ ಮಾಡಿ ಸೊರಗೈತಿ. ಕೆಳಗಿಡು."

ಹೊಸ ಹತ್ತಿಯ ಮೆತ್ತೆಯ ಮೇಲೆ ಅದನ್ನು ಕೂರಿಸಿ ಜಮಾಲಸಾಬ ಎದುರಿಗೇ ಕುಳಿತ. ಲೋಕಲ್ ಬಂತು. ಕೋಳಿ ಹಾರಿಬಿದ್ದು ಹತ್ತಿಯ ರಾಶಿಗೆ ತಲೆ ತುರುಕಿತು. ಇನ್ನೊಂದು ಲೋಕಲ್ ಬಂತು, ಮತ್ತೆ ಅದೇ ಆಟ. ಹೊಸ ಜಾಗ, ರೂಢಿಯಾಗಬೇಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸಂಜೆ ಆ ತುದಿಯಿಂದ ಕೂಗು ಕೇಳಿ ಚಾಳಿನವರೆಲ್ಲ ಹೊರಗೆ ಬಂದರು. ಕೊರಗ ಒಂದು ಕಂಕುಳಲ್ಲಿ ಕೋಳಿ, ಒಂದು ಕೈಯಲ್ಲಿ ಮೊಟ್ಟೆ ಹಿಡಿದು ಓಡಿಬಂದ.

"ಇಟ್ಟಿತು ಮಾರಾಯ್ರೇ! ನಿಜವಾಗಿ ಇಟ್ಟಿತು!"

ಜಮಾಲಸಾಬ ಮೊಟ್ಟೆಯತ್ತ ಬಗ್ಗಿ ನೋಡಿದ. "ನಿಜವಾಗಿ ಅಂದ್ರ? ಇಷ್ಟ ದಿನಾನೂ ಇಡತಿತ್ತಲ್ರೀ?"

ಕೊರಗ ನಾಚಿ ತಲೆ ಕೆರೆದುಕೊಂಡ. "ಹೇಗೆ ಹೇಳುದು ಸಾಬರೇ, ಇದು ಇಷ್ಟು ದಿನ ಒಂದೂ ಇಟ್ಟದ್ದಿಲ್ಲ. ನೀವು ಭಾರದ್ದನ್ನೇ ನೋಡಿ ನಮಗೆ ಕೊಟ್ರಿ. ಇಟ್ಟಿತಾ ಅಂತ ದಿನಾ ಕೇಳ್ತಿದ್ರಿ. ಇಲ್ಲ ಅಂದ್ರೆ ನಿಮಗೆ ಬೇಸರ ಆಗ್ತದಲ್ಲ? ಅದಕ್ಕೆ ಸ್ಟೇಷನ್ ಹತ್ತಿರದ ಅಂಗಡಿಯಿಂದ ಮೊಟ್ಟೆ ತಂದು ತೋರಿಸ್ತಿದ್ದೆ. ಇವತ್ತು ಬುಟ್ಟಿ ಎತ್ತಿದ್ರೆ, ಬಿಸಿ ಬಿಸಿ ಮೊಟ್ಟೆ!"

ಸುಗರಾ ಕುತೂಹಲದಿಂದ ಆ ಕೋಳಿಯನ್ನು ಎತ್ತಿ ತೂಗಿದಳು. "ಯವ್ವಾ, ಎಷ್ಟ ಭಾರೈತ್ರೀ ಇದು! ನಮ್ಮದ..."

ಜಮಾಲಸಾಬ ಮೊಣಕೈಯಿಂದ ಅವಳನ್ನು ತಿವಿದ. ನನ್ನದು ಎನ್ನಬೇಕಾದರೆ ಮೊದಲು ಕದ್ದೆ ಎನ್ನಬೇಕು. ಸುಂದ್ರವ್ವ, ದೂಜ, ಚಾಳಿಗೆ ಚಾಳೇ ಎದುರಿಗಿತ್ತು. ಆದರೂ ಕೇಳಿಯೇಬಿಟ್ಟ.

"ಕೊರಗಣ್ಣ, ನಾವು ಕೋಳಿ ಬದಲ ಮಾಡ್ಕೊಳ್ಳೂನೇನ್ರೀ?"

ಕೊರಗ ಗಬಕ್ಕನೆ ಕೋಳಿಯನ್ನು ಸುಗರಾಳ ಕೈಯಿಂದ ತೆಗೆದು ಅಪ್ಪಿಕೊಂಡ. "ಬಂಗಾರ ಕೊಟ್ರೂ ಇಲ್ಲ! ಈಗಷ್ಟೇ ಅದಕ್ಕೆ ಬೊಂಬಾಯಿ ಹಿಡಿಸಿದ್ದು."

ಆಮೇಲೆ ಜಮಾಲಸಾಬನ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿತು. ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ:

"ಬೇಸರ ಮಾಡಬೇಡಿ ಸಾಬರೇ. ನಿಮ್ಮದನ್ನೂ ಒಂದು ವಾರ ನಮ್ಮಲ್ಲಿ ಬಿಡಿ. ಇದನ್ನು ನೋಡಿ ಕಲಿಯಲಿ."